ರೇಡ್–1 ಜೋಡಿ ಡಿಸ್ಕಿನಲ್ಲಿ ಎಂಟು ತಿಂಗಳ ಹಿಂದಿನ ಫೈಲುಗಳಷ್ಟೇ ಕಾಣುತ್ತಿವೆ: ಹೊಸವನ್ನು ಉಳಿಸಿಕೊಳ್ಳುವುದು ಹೇಗೆ?

ಜೇವರ್ಗಿ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ನಿವೃತ್ತ ಶಿಕ್ಷಕರು. 2009ರಿಂದ ಅವರು ಜೇವರ್ಗಿ, ಶಹಾಪುರ, ಸುರಪುರ ಕಡೆಯ ಭಜನಾ ಮಂಡಳಿಗಳೊಂದಿಗೆ ರಾತ್ರಿಯಿಡೀ ಕುಳಿತು, ಕಡಕೋಳ ಮಡಿವಾಳಪ್ಪನವರ ಹಾಗೂ ಇತರ ತತ್ವಪದಕಾರರ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದಾರೆ. ಎಲ್ಲವೂ ವೇವ್ ಫೈಲುಗಳು. ಒಟ್ಟು ಸುಮಾರು 900 ಜಿಬಿ ಇವೆ. ಅವುಗಳಿಗಾಗಿಯೇ ಮನೆಯ ಕಂಪ್ಯೂಟರಿಗೆ ಉಬುಂಟು ಹಾಕಿ, ತಲಾ 2 ಟಿಬಿಯ ಎರಡು ಹಾರ್ಡ್ ಡಿಸ್ಕುಗಳನ್ನು ಎಂಡಿಅಡ್ಮ್ ಎಂಬ ತಂತ್ರಾಂಶ ಬಳಸಿ ರೇಡ್–1 ಆಗಿ, ಅಂದರೆ ಎರಡರಲ್ಲೂ ಒಂದೇ ಡೇಟಾ ಇರುವ ಕನ್ನಡಿ ಜೋಡಿಯಾಗಿ, ಜೋಡಿಸಿದ್ದೆ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆಯಲ್ಲ ಎಂಬ ಧೈರ್ಯದಿಂದ ಬೇರೆ ಪ್ರತಿ ಇಟ್ಟಿರಲಿಲ್ಲ.

ಮೊನ್ನೆ ಮಧ್ಯಾಹ್ನ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರಿಂದ ಕಂಪ್ಯೂಟರು ಪ್ರತಿ ಸಲವೂ ಆರಿ ಹೋಯಿತು. ಸಂಜೆ ಮತ್ತೆ ಚಾಲೂ ಮಾಡಿದಾಗ ಎಲ್ಲವೂ ಸರಿಯಿದ್ದಂತೆಯೇ ಕಂಡಿತು, ಆದರೆ ಕಳೆದ ಆಗಸ್ಟಿನ ನಂತರ ಸೇರಿಸಿದ ಒಂದೇ ಒಂದು ಫೈಲೂ ಅಲ್ಲಿರಲಿಲ್ಲ. ಈ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಮಾಡಿದ ಧ್ವನಿಮುದ್ರಣಗಳ ಫೋಲ್ಡರೇ ಮಾಯವಾಗಿದೆ. ಜೋಡಿಯಲ್ಲಿ ಈಗ ಒಂದೇ ಡಿಸ್ಕು ಕೆಲಸ ಮಾಡುತ್ತಿದ್ದು, ಇನ್ನೊಂದು ಒಮ್ಮೆ ಕಾಣಿಸಿಕೊಂಡರೆ ಮತ್ತೊಮ್ಮೆ ಕಾಣಿಸಿಕೊಳ್ಳುವುದಿಲ್ಲ. ಕಾಣೆಯಾದ ಡಿಸ್ಕನ್ನು ಮತ್ತೆ ಜೋಡಿಗೆ ಸೇರಿಸಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಅದರ ಆಜ್ಞೆಯನ್ನು ಟರ್ಮಿನಲ್ಲಿನಲ್ಲಿ ಬರೆದೂ ಇಟ್ಟಿದ್ದೇನೆ. ಎಂಟರ್ ಒತ್ತುವ ಮೊದಲು ತಿಳಿದವರನ್ನು ಕೇಳೋಣವೆನಿಸಿತು.

ಕಾರಂಜಾ, ಬೀದರ್

ದಯವಿಟ್ಟು ಎಂಟರ್ ಒತ್ತಬೇಡಿ ಸರ್. ಕಂಪ್ಯೂಟರನ್ನು ಆರಿಸಿ, ಎರಡೂ ಡಿಸ್ಕುಗಳ ಕೇಬಲ್ ಕಳಚಿ, ಆಮೇಲೆ ಮುಂದಿನದನ್ನು ಓದಿ.

ನಿಮ್ಮ ವಿವರಣೆಯಿಂದ ನನಗೆ ಕಾಣುವುದು ಇಷ್ಟು. ಆಗಸ್ಟಿನಲ್ಲೇ ಒಂದು ಡಿಸ್ಕು ಯಾವುದೋ ಕಾರಣಕ್ಕೆ ಜೋಡಿಯಿಂದ ಹೊರಬಿದ್ದಿದೆ, ಆದರೆ ಅದು ಕೆಟ್ಟಿಲ್ಲ. ಅಂದಿನಿಂದ ಎಂಟು ತಿಂಗಳು ನೀವು ಬರೆದದ್ದೆಲ್ಲ ಎರಡನೆಯದರ ಮೇಲೆ ಮಾತ್ರ. ಎರಡೂ ಕಣ್ಣಿಗೆ ಬೀಳುತ್ತಿದ್ದಷ್ಟು ದಿನ ಎಂಡಿಅಡ್ಮ್ ಹೊಸ ಫೈಲುಗಳಿರುವುದನ್ನು ಆರಿಸಿಕೊಂಡು, ಹಿಂದುಳಿದದ್ದನ್ನು ತಾಜಾ ಅಲ್ಲವೆಂದು ಪಕ್ಕಕ್ಕೆ ಸರಿಸುತ್ತಿತ್ತು. ಮೊನ್ನೆ ಹೊಸ ಡಿಸ್ಕು ಸಮಯಕ್ಕೆ ಎಚ್ಚರಗೊಳ್ಳದೆ ಹೋದಾಗ, ಸಿಕ್ಕಿದ ಹಳೆಯದನ್ನೇ ನಂಬಿ ಜೋಡಿಯನ್ನು ತೆರೆದಿದೆ. ಈಗ ಕಾಣೆಯಾದದ್ದನ್ನು ಇದಕ್ಕೆ ಸೇರಿಸಿದರೆ, ಹಳೆಯದರಲ್ಲಿರುವುದೆಲ್ಲ ಹೊಸದರ ಮೇಲೆ ಮೊದಲ ಸೆಕ್ಟರಿನಿಂದ (ಡಿಸ್ಕಿನ ಚಿಕ್ಕ ತುಂಡಿಗೆ ಸೆಕ್ಟರ್ ಎನ್ನುತ್ತಾರೆ) ಬರೆಯಲ್ಪಡುತ್ತದೆ. ಕನ್ನಡಿ ಜೋಡಣೆಗೆ ಯಾವುದು ಸರಿ, ಯಾವುದು ತಪ್ಪು ಎಂಬುದು ತಿಳಿಯದು. ಸದ್ಯಕ್ಕೆ ಚಾಲೂ ಇರುವುದೇ ಅದರ ಪಾಲಿಗೆ ಮೂಲ. ಜಾತ್ರೆಯ ಫೋಲ್ಡರು ಅಲ್ಲಿಗೆ ಮುಗಿದಂತೆ.

ಇದು ಊಹೆಯೋ ನಿಜವೋ ಎಂದು ನೋಡಲು ಸುಲಭದ ದಾರಿಯಿದೆ. ಉಬುಂಟು ನೇರವಾಗಿ ಓಡುವ ಲೈವ್ ಪೆನ್ ಡ್ರೈವಿನಿಂದ ಕಂಪ್ಯೂಟರು ತೆರೆದು, ಒಂದು ಸಲಕ್ಕೆ ಒಂದೇ ಡಿಸ್ಕನ್ನು ಜೋಡಿಸಿ, ಅದು ಜೋಡಿಯಾಗಿ ತಾನೇ ತೆರೆದುಕೊಂಡಿದ್ದರೆ ಮೊದಲು ನಿಲ್ಲಿಸಿ, ನಂತರ ಎಂಡಿಅಡ್ಮ್‌ನ ಎಗ್ಸಾಮಿನ್ ಆಜ್ಞೆ ಕೊಡಿ. ಅದು ಓದುತ್ತದೆಯೇ ಹೊರತು ಏನನ್ನೂ ಬರೆಯುವುದಿಲ್ಲ. ಅದರಲ್ಲಿ ಜೋಡಿಯ ಸ್ಥಿತಿ ಬದಲಾದಂತೆ ಏರುವ ಇವೆಂಟ್ಸ್ ಎಂಬ ಎಣಿಕೆ, ಕೊನೆಯದಾಗಿ ನವೀಕರಿಸಿದ ದಿನಾಂಕ, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಸ್ಥಾನ) ಈ ಮೂರನ್ನು ಬರೆದುಕೊಳ್ಳಿ. ದಿನಾಂಕವೊಂದನ್ನೇ ನೆಚ್ಚಬೇಡಿ, ಏಕೆಂದರೆ ಹಳೆಯ ಡಿಸ್ಕು ಮೊನ್ನೆ ಸಂಜೆ ಒಂಟಿಯಾಗಿ ಓಡಿದ್ದರಿಂದ ಅದರ ದಿನಾಂಕವೂ ಮೊನ್ನೆಯದಾಗಿಯೇ ಇರುತ್ತದೆ. ಎಣಿಕೆ ಮಾತ್ರ ಅಷ್ಟು ಬೇಗ ಮೇಲೇರಿರುವುದಿಲ್ಲ.

ಇನ್ನೊಂದು ಮಾತು. ಹೊಸ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದನ್ನು ಮತ್ತೆ ಚಾಲೂ ಮಾಡಲೇಬೇಡಿ. ಅದು ಒಳಗಿನ ಹೆಡ್ಡಿನ ತೊಂದರೆ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರ ಕೆಲಸ, ಮನೆಯದಲ್ಲ.

ಜೇವರ್ಗಿ ರಸ್ತೆ, ಕಲಬುರಗಿ

ನಿಮ್ಮ ಊಹೆ ನಿಜವಾಯಿತು. ಮೊನ್ನೆ ತೆರೆದುಕೊಂಡ ಡಿಸ್ಕಿನ ಎಣಿಕೆ 18,240, ಕಾಣೆಯಾಗಿದ್ದರದು 41,906. ಎರಡರ ದಿನಾಂಕವೂ ಮೊನ್ನೆಯದೇ, ನೀವು ಹೇಳದಿದ್ದರೆ ಮೋಸ ಹೋಗುತ್ತಿದ್ದೆ. ಎರಡರಲ್ಲೂ ಡೇಟಾ ಆಫ್‌ಸೆಟ್ 262144 ಸೆಕ್ಟರು. ಟಕ್ ಟಕ್ ಸದ್ದು ಇಲ್ಲ. ಸಾಟಾ ಕೇಬಲ್ ಬದಲಿಸಿದ ಮೇಲೆ ಹೊಸ ಡಿಸ್ಕು ಪ್ರತಿ ಸಲವೂ ಕಾಣಿಸಿಕೊಳ್ಳುತ್ತಿದೆ, ಆದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ, 160ನ್ನು ದಾಟಿದೆ. ಎರಡರ ಬೆನ್ನಿಗೂ ‘ಹಳೆಯದು’, ‘ಹೊಸದು’ ಎಂದು ಚೀಟಿ ಅಂಟಿಸಿದ್ದೇನೆ.

ಭೀಮಾತೀರ, ಯಾದಗಿರಿ

ಗುರುಗಳೇ, ಹೊಸ ಡಿಸ್ಕನ್ನು ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶದಿಂದ ಬೇರೊಂದು ಡಿಸ್ಕಿಗೆ ನಕಲಿಸಿರಿ. ಓದಲಾಗದ ಸೆಕ್ಟರುಗಳ ಪಟ್ಟಿ ಅದರ ಮ್ಯಾಪ್ ಫೈಲಿನಲ್ಲಿ ಉಳಿಯುತ್ತದೆ. ಅದೇ ಮ್ಯಾಪ್ ಫೈಲನ್ನು ಕೊಟ್ಟು ಎರಡನೆಯ ಸಲ ಹಳೆಯ ಡಿಸ್ಕಿನಿಂದ ಓಡಿಸಿದರೆ, ಬಿಟ್ಟುಹೋದ ಸೆಕ್ಟರುಗಳನ್ನಷ್ಟೇ ಅಲ್ಲಿಂದ ತಂದು ತುಂಬುತ್ತದೆ. ಆಫ್‌ಸೆಟ್ ಒಂದೇ ಇರುವುದರಿಂದ ಸ್ಥಾನಗಳು ಹೊಂದಿಕೊಳ್ಳುತ್ತವೆ. ಒಮ್ಮೆ ನನ್ನದೇ ಜೋಡಿ ಹೀಗೆ ಬದುಕಿತು.

ಕಾರಂಜಾ, ಬೀದರ್

ಎರಡು ಡಿಸ್ಕುಗಳು ಕೊನೆಯ ಗಳಿಗೆಯವರೆಗೂ ಜೊತೆಯಾಗಿದ್ದರೆ ಯಾದಗಿರಿಯವರ ಉಪಾಯಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇಲ್ಲಿ ನಡುವೆ ಎಂಟು ತಿಂಗಳ ಅಂತರವಿದೆ. ಓದಲಾಗದ ಜಾಗದಲ್ಲಿ ಫೈಲುಗಳ ವಿಳಾಸಪಟ್ಟಿಯೇ ಇದ್ದರೆ, ಹಳೆಯ ಪಟ್ಟಿಯ ತುಂಡೊಂದು ಹೊಸ ಪಟ್ಟಿಯ ನಡುವೆ ಬಂದು ಕೂರುತ್ತದೆ, ಮತ್ತು ಅದು ನೋಡಲು ಸರಿಯಾಗಿಯೇ ಇರುವುದರಿಂದ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಖಾಲಿ ಜಾಗವನ್ನು ಖಾಲಿಯೆಂದು ಗುರುತಿಸಬಹುದು. ಹಳೆಯದು ಹೊಸದರ ವೇಷದಲ್ಲಿದ್ದರೆ ಗುರುತಿಸಲಾಗದು. ಆದ್ದರಿಂದ ಸೆಕ್ಟರುಗಳನ್ನು ಬೆರೆಸದೆ ಫೈಲುಗಳನ್ನು ಬೆರೆಸುವುದು ಲೇಸೆಂದು ನನ್ನ ಅಭಿಪ್ರಾಯ.

ಕ್ರಮ ಹೀಗಿರಲಿ. 4 ಟಿಬಿಯ ಹೊಸ ಡಿಸ್ಕೊಂದನ್ನು ತಂದು, ‘ಹೊಸದು’ ಚೀಟಿಯ ಡಿಸ್ಕಿನ ಪೂರ್ಣ ನಕಲನ್ನು ಅದರಲ್ಲಿ ಒಂದು ಫೈಲಾಗಿ ಇಳಿಸಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆರೆಯದೆ ದಾಟಿ ಹೋಗುವ ಆಯ್ಕೆಯನ್ನು ಕೊಡಿ. ಸುಲಭವಾಗಿ ಸಿಗುವುದೆಲ್ಲ ಕೈಗೆ ಬಂದ ಮೇಲೆ ಎರಡನೆಯ ಸುತ್ತಿನಲ್ಲಿ ಮೂರು ಪ್ರಯತ್ನಗಳ ಮಿತಿ ಹಾಕಿ. ಯಾವುದರಿಂದ, ಯಾವುದಕ್ಕೆ ಎಂಬ ಕ್ರಮವನ್ನು ಎರಡು ಸಲ ಓದಿ, ಅಲ್ಲಿ ಅದಲುಬದಲಾದರೆ ಯಾರೂ ಉಳಿಸಲಾರರು. ಆರೋಗ್ಯವಾಗಿರುವ ಡಿಸ್ಕಿಗೆ ನಾಲ್ಕೈದು ತಾಸು ಸಾಕು, ನಿಮ್ಮದಕ್ಕೆ ಹೆಚ್ಚು ಬೇಕಾಗಬಹುದು. ಈ ಬಿಸಿಲಿನಲ್ಲಿ ಹಗಲು ಓಡಿಸಬೇಡಿ. ರಾತ್ರಿ, ಡಿಸ್ಕಿನ ಮುಂದೆ ಟೇಬಲ್ ಫ್ಯಾನ್ ಇಟ್ಟು ಓಡಿಸಿ. ಕರೆಂಟು ಹೋದರೂ ಮ್ಯಾಪ್ ಫೈಲು ಇದ್ದರೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಕಲು ಮುಗಿದ ಮೇಲೆ ಮೂಲವನ್ನು ಕಳಚಿಡಿ. ನಕಲಿಸಿದ್ದು ಇಡೀ ಡಿಸ್ಕನ್ನಾದರೆ ಮೊದಲು ಪಾರ್ಟಿಷನ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನೋಡಿ, ಅದಕ್ಕೆ 262144 ಸೇರಿಸಿ, ಈ ಲೆಕ್ಕದಲ್ಲಿ ಸೆಕ್ಟರೆಂದರೆ 512 ಬೈಟಾದ್ದರಿಂದ 512ರಿಂದ ಗುಣಿಸಿ. ಪಾರ್ಟಿಷನ್ನನ್ನಷ್ಟೇ ನಕಲಿಸಿದ್ದರೆ 262144ನ್ನು ಗುಣಿಸಿದ 134217728 ಸಾಕು. ಬಂದ ಬೈಟುಗಳಷ್ಟು ಮುಂದಿನಿಂದ ನಕಲನ್ನು ಓದಲು ಮಾತ್ರ ಎಂಬ ಷರತ್ತಿನಲ್ಲಿ ಮೌಂಟ್ ಮಾಡಿ, ಅಂದರೆ ಫೈಲುಗಳು ಕಾಣುವಂತೆ ತೆರೆಯಿರಿ. ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆ ಆಗಿದ್ದರೆ ಅದರ ಜರ್ನಲನ್ನು, ಅಂದರೆ ಬದಲಾವಣೆಗಳ ದಾಖಲೆಯನ್ನು, ಮುಟ್ಟದಂತೆ ನೋಲೋಡ್ ಆಯ್ಕೆಯೂ ಇರಲಿ. ಎಫ್‌ಎಸ್‌ಸಿಕೆ ಎಂಬ ದೋಷ ತಿದ್ದುವ ಆಜ್ಞೆಯನ್ನು ಓಡಿಸುವ ಮನಸ್ಸಾದರೆ ನಕಲಿನ ನಕಲಿನ ಮೇಲೆ ಓಡಿಸಿ, ಮೂಲದ ಮೇಲೆ ಎಂದಿಗೂ ಬೇಡ.

ಯಾವ ಫೈಲುಗಳು ಗಾಯಗೊಂಡಿವೆ ಎಂದು ತಿಳಿಯಲು ಡಿಡಿರೆಸ್ಕ್ಯೂನಲ್ಲೇ ಫಿಲ್ ಮೋಡ್ ಇದೆ. ಓದಲಾಗದ ಜಾಗಗಳಲ್ಲಿ ಬೇರೆಲ್ಲೂ ಇರಲಾರದ ಒಂದು ಪದವನ್ನು ತುಂಬಿಸಿ, ಆ ಪದ ಯಾವ ಫೈಲುಗಳಲ್ಲಿ ಸಿಗುತ್ತದೆಯೆಂದು ಹುಡುಕಿ. ಸಿಕ್ಕವುಗಳಲ್ಲಿ ಆಗಸ್ಟಿಗಿಂತ ಹಿಂದಿನವನ್ನು ಹಳೆಯ ಡಿಸ್ಕಿನಿಂದ ಇಡಿಯಾಗಿ ತೆಗೆದುಕೊಳ್ಳಿ. ನಂತರದವುಗಳಲ್ಲಿ ಆ ಜಾಗವನ್ನು ಸೊನ್ನೆಗಳಿಂದ ತುಂಬಿ. ವೇವ್ ಫೈಲಿನಲ್ಲಿ ಸೊನ್ನೆಯೆಂದರೆ ಮೌನ. ಹಳೆಯ ಡಿಸ್ಕಿನ ಚೂರು ಬಂದು ಕೂತರೆ ಅದೇ ಜಾಗದಲ್ಲಿ ಕರ್ಕಶವಾದ ಸದ್ದು ಕೇಳಿಸುತ್ತದೆ.

ಭೀಮಾತೀರ, ಯಾದಗಿರಿ

ಒಪ್ಪಿದೆ. ಎಂಟು ತಿಂಗಳ ಅಂತರವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಜೇವರ್ಗಿ ರಸ್ತೆ, ಕಲಬುರಗಿ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೂರು ರಾತ್ರಿ ಬೇಕಾಯಿತು. ಕೊನೆಗೆ ಓದಲಾಗದೆ ಉಳಿದದ್ದು 688 ಕೆಬಿ, ಅಂದರೆ ಡಿಸ್ಕಿನೊಳಗಿನ, 4096 ಬೈಟಿನ ದೊಡ್ಡ ಸೆಕ್ಟರುಗಳ ಲೆಕ್ಕದಲ್ಲಿ 172. ಪದ ಹುಡುಕಿದಾಗ ಹನ್ನೊಂದು ಫೈಲು ಸಿಕ್ಕವು. ಎಂಟು ಹಳೆಯವಾಗಿದ್ದು, ಹಳೆಯ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು. ಮೂರು ಈ ವರ್ಷದ ಜಾತ್ರೆಯವು. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊದಲ್ಲಿ ಒಂದು ಸೆಕ್ಟರೆಂದರೆ ಸೆಕೆಂಡಿನ ನಲವತ್ಮೂರನೆಯ ಒಂದು ಭಾಗ. ಅತಿ ಹೆಚ್ಚು ಪೆಟ್ಟು ತಿಂದ ಫೈಲಿನಲ್ಲಿ ಹೋದದ್ದು 52 ಸೆಕ್ಟರು, ಸುಮಾರು 1.2 ಸೆಕೆಂಡು. ಅದೂ ಪಲ್ಲವಿಯಲ್ಲಿ. ಮೇಳದವರು ಅದೇ ಸಾಲನ್ನು ಮತ್ತೆ ಹಾಡುವುದರಿಂದ ಅಲ್ಲಿಂದ ಕತ್ತರಿಸಿ ಅಂಟಿಸಬಹುದು ಎಂದೆ. ತಂದೆಯವರು ಬೇಡವೆಂದು, ಫೈಲಿನ ಹೆಸರಿನ ಮುಂದೆ ‘ನಡುವೆ ಲೋಪ’ ಎಂದು ಬರೆಸಿದರು.

ಒಂದು ಸಂಶಯ ಉಳಿದಿದೆ. ಆಗಸ್ಟಿನಲ್ಲಿ ಜೋಡಿ ಮುರಿದಾಗ ನನಗೇಕೆ ತಿಳಿಯಲಿಲ್ಲ? ಕೆಡದ ಡಿಸ್ಕು ಹೊರಬಿದ್ದದ್ದಾದರೂ ಏಕೆ?

ಕಾರಂಜಾ, ಬೀದರ್

ಎಂಡಿಅಡ್ಮ್ ಎಚ್ಚರಿಕೆಯನ್ನು ಕಳುಹಿಸಿಯೇ ಇರುತ್ತದೆ, ಆದರೆ ಮೇಲ್ ಮೂಲಕ. ಮನೆಯ ಕಂಪ್ಯೂಟರಿನಲ್ಲಿ ಮೇಲ್ ವ್ಯವಸ್ಥೆ ಇರುವುದು ಅಪರೂಪವಾದ್ದರಿಂದ ಅದು ಎಲ್ಲಿಗೂ ತಲುಪುವುದಿಲ್ಲ. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲನ್ನು ತೆರೆದು ನೋಡಿದ್ದರೆ ಎರಡು ‘ಯು’ಗಳ ಬದಲು ಒಂದು ‘ಯು’ ಮತ್ತು ಒಂದು ಅಡಿಗೆರೆ ಕಾಣುತ್ತಿತ್ತು. ದಿನಕ್ಕೊಮ್ಮೆ ಅದನ್ನು ಓದಿ ಪರದೆಯ ಮೇಲೆ ತೋರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟು ಸಾಕು.

ಹೊರಬಿದ್ದದ್ದಕ್ಕೆ ನನ್ನ ಅನುಮಾನ ಕಾಲಾವಧಿಯ ಮೇಲೆ. ಮನೆಬಳಕೆಯ ಡಿಸ್ಕುಗಳು ಕಷ್ಟದ ಸೆಕ್ಟರನ್ನು ಓದಲು ನಿಮಿಷಕ್ಕೂ ಮೀರಿ ಹೆಣಗಬಲ್ಲವು. ಲಿನಕ್ಸ್ ಕಾಯುವುದು 30 ಸೆಕೆಂಡು ಮಾತ್ರ; ಅಷ್ಟರಲ್ಲಿ ಉತ್ತರ ಬಾರದಿದ್ದರೆ ಸಂಪರ್ಕವನ್ನೇ ಮರುಹೊಂದಿಸಲು ತೊಡಗುತ್ತದೆ, ಅದೂ ಫಲಿಸದಿದ್ದರೆ ಡಿಸ್ಕು ಸತ್ತಿತೆಂದು ಜೋಡಿಯಿಂದ ತೆಗೆದುಹಾಕುತ್ತದೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿ (ಓದಲು ಹೆಣಗುವ ಕಾಲಮಿತಿ) ಮೌಲ್ಯವನ್ನು, ಸೆಕೆಂಡಿನ ಹತ್ತನೆಯ ಭಾಗಗಳ ಲೆಕ್ಕದಲ್ಲಿ, 70ಕ್ಕೆ ಇಟ್ಟರೆ ಡಿಸ್ಕು 7 ಸೆಕೆಂಡಿನಲ್ಲೇ ಸೋಲೊಪ್ಪಿಕೊಳ್ಳುತ್ತದೆ, ಆಗ ರೇಡ್ ಆ ಸೆಕ್ಟರನ್ನು ಇನ್ನೊಂದರಿಂದ ಓದಿ ಸರಿಪಡಿಸುತ್ತದೆ. ಡಿಸ್ಕು ಆರಿದೊಡನೆ ಈ ಮೌಲ್ಯ ಅಳಿಸಿಹೋಗುವುದು ಸಾಮಾನ್ಯವಾದ್ದರಿಂದ ಅದನ್ನು ಚಾಲೂ ಆಗುವಾಗಿನ ಸ್ಕ್ರಿಪ್ಟಿನಲ್ಲಿ ಸೇರಿಸಿ. ನಿಮ್ಮ ಡಿಸ್ಕು ಆ ಆಜ್ಞೆಯನ್ನು ಒಪ್ಪದಿದ್ದರೆ, ಲಿನಕ್ಸ್ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಿ.