ಹಳೇ ಸಿಗರೇಟು ಜಾಹೀರಾತಿನ ಪ್ರಣಯ: ಓದುವುದು ಹೇಗೆ, ಕಾಲ ಗುರುತಿಸುವುದು ಹೇಗೆ?

ಹಳೆಪುಟ:
ಪತ್ರಿಕೋದ್ಯಮ ವಿದ್ಯಾರ್ಥಿಗಳ ಪ್ರದರ್ಶನಕ್ಕೆ 1920ರಿಂದ 60ರವರೆಗಿನ ಅಮೆರಿಕದ ಸಿಗರೇಟು ಜಾಹೀರಾತುಗಳನ್ನು ಜೋಡಿಸುತ್ತಿದ್ದೇವೆ. ಎಲ್ಲೆಲ್ಲೂ ಪ್ರೇಮಿಗಳ ಜೋಡಿಯೇ. ಹೆಂಗಸರನ್ನು ಇವು ಸೆಳೆದದ್ದು ಹೇಗೆ? ಇಸವಿಯಿಲ್ಲದ ಹಾಳೆಗಳನ್ನು ಯಾವ ಕಾಲಕ್ಕೆ ಸೇರಿಸಬೇಕು?

ಚಿತ್ರದೀಪ:
ಸಿಗರೇಟು ಯಾರ ಕೈಯಲ್ಲಿದೆ ಅಂತ ಮೊದಲು ನೋಡಿ. 1926ರ ಚೆಸ್ಟರ್‌ಫೀಲ್ಡ್ ಜಾಹೀರಾತಿನಲ್ಲಿ ಬೆಳದಿಂಗಳಲ್ಲಿ ಜೋಡಿ ಕೂತಿದೆ. ಸೇದುವವನು ಅವನು, "ಸ್ವಲ್ಪ ಹೊಗೆ ನನ್ನ ಕಡೆಗೂ ಬಿಡು" ಅನ್ನುವವಳು ಅವಳು. ಹೆಣ್ಣು ಸೇದುವ ಚಿತ್ರ ಹಾಕಿದರೆ ಜನ ಸಿಟ್ಟಿಗೇಳುತ್ತಾರೆಂಬ ಅಳುಕು ಆಗ ಕಂಪನಿಗಳಿಗಿತ್ತು. ಪ್ರೇಮವೇ ಅದಕ್ಕೆ ಮರೆಯಾಯಿತು: ಸಿಗರೇಟು ಅವನದು, ಆಸೆ ಅವಳದು. ಈ ಹಾಳೆಯನ್ನು ಪ್ರದರ್ಶನದ ಬಾಗಿಲಲ್ಲೇ ಇಡಿ.

ಎಲ್ಲವೂ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ 1929ರ ಮಾರ್ಚ್ 31ರಂದು ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಡಿಸಿದ್ದರಿಂದಲೇ ಶುರುವಾಯಿತು ಅಂತ ಬರೆಯಬೇಡಿ. ಮಾರ್ಲ್‌ಬೊರೊ 1924ರಿಂದಲೇ "ಮೇ ತಿಂಗಳಷ್ಟು ಮೃದು" ಎಂದು ಹೆಂಗಸರಿಗಾಗಿ ಮಾರಾಟವಾಗುತ್ತಿತ್ತು. ಮುಂದೆ ತುಟಿಬಣ್ಣದ ಗುರುತು ಕಾಣದಂತೆ ಕೆಂಪು ತುದಿಯೂ ಬಂತು. 1928ರ ಲಕ್ಕಿ ಸ್ಟ್ರೈಕ್ "ಸಿಹಿಯ ಬದಲು ಲಕ್ಕಿ" ಎಂದು ದಪ್ಪಗಾಗುವ ಭಯವನ್ನೇ ಹಿಡಿಯಿತು. ಪ್ರಣಯದ ಇನ್ನೊಂದು ಮುಖ ಅದು: ಒಲಿಸಿಕೊಳ್ಳಬೇಕಾದರೆ ಸಣ್ಣಗಿರು ಎಂಬ ಒತ್ತಡ. ನನಗೆ ಇದು ಬೆಳದಿಂಗಳ ಚಿತ್ರಕ್ಕಿಂತ ಕ್ರೂರವಾಗಿ ಕಾಣುತ್ತದೆ.

1956ರಲ್ಲಿ ಬಂದ ಸೇಲಂ ಜಾಹೀರಾತುಗಳಿಗೆ ಬೇರೆ ಗೋಡೆ ಕೊಡಿ. ಹಸಿರು, ವಸಂತ, ಜೋಡಿ, ಮೆಂಥಾಲಿನ ತಂಪು. ಶ್ವಾಸಕೋಶದ ಕ್ಯಾನ್ಸರಿನ ಸುದ್ದಿ ಹರಡುತ್ತಿದ್ದ ಹೊತ್ತಿನಲ್ಲಿ ಶುದ್ಧ ಗಾಳಿಯ ಚಿತ್ರಗಳು ಬಂದದ್ದು ಕಾಕತಾಳೀಯವಲ್ಲ.

ಅಚ್ಚುಮನೆ:
ಕಾಲದ ಬಗ್ಗೆ ಹೇಳ್ತೀನಿ. ಲಕ್ಕಿ ಪ್ಯಾಕೆಟ್ ಹಸಿರಾಗಿದ್ದರೆ 1942ಕ್ಕೆ ಮುಂಚಿನದು, ಬಿಳಿಯಾಗಿದ್ದರೆ ಆಮೇಲಿನದು. ಅಮೆರಿಕದಲ್ಲಿ ಎಚ್ಚರಿಕೆಯ ಸಾಲು ಪ್ಯಾಕೆಟ್ಟಿಗೆ 1966ರಲ್ಲಿ ಬಂದರೂ ಪತ್ರಿಕೆಯ ಜಾಹೀರಾತಿಗೆ ಬಂದದ್ದು 1972ರಲ್ಲಿ. ಹಾಗಾಗಿ ಎಚ್ಚರಿಕೆಯಿಲ್ಲ ಅಂತ 50ರ ದಶಕಕ್ಕೆ ತಳ್ಳಬೇಡಿ, 1970ರದೂ ಇರಬಹುದು.

ಅಸಲಿಯೋ ಮರುಮುದ್ರಣವೋ ತಿಳಿಯಲು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಸಣ್ಣ ಅಕ್ಷರ ನೋಡಿ. ಅಸಲಿಯಲ್ಲಿ ಕಪ್ಪು ಗಟ್ಟಿಯಾಗಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ್ದರಲ್ಲಿ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತದೆ. ಹಾಳೆಯ ಹಿಂಬದಿ ಖಾಲಿಯಿದ್ದರೂ ಅನುಮಾನಪಡಿ.

ಹಳೆಪುಟ:
ಭಾರತದ ಹಾಳೆಯೊಂದನ್ನು ಸೇರಿಸಬಹುದೇ?

ಚಿತ್ರದೀಪ:
ಖಂಡಿತ. ವಿಲ್ಸ್ ಫಿಲ್ಟರ್‌ನ "ಮೇಡ್ ಫಾರ್ ಈಚ್ ಅದರ್" ಹಾಕಿ. ಹೊಂದಿಕೆ ಫಿಲ್ಟರಿಗೂ ತಂಬಾಕಿಗೂ, ಚಿತ್ರ ಮಾತ್ರ ದಂಪತಿಯದು. ಚೆಸ್ಟರ್‌ಫೀಲ್ಡ್ ಪಕ್ಕದಲ್ಲೇ ತೂಗುಹಾಕಿದರೆ ವಿದ್ಯಾರ್ಥಿಗಳೇ ಹೋಲಿಸಿ ನೋಡುತ್ತಾರೆ.