ತೋಡಿನಿಂದ ತಂದ ಮೀನಿನ ಪಟ್ಟೆ ಮಾಸುತ್ತಿದೆ, ಇದು ರೋಗವಾ? ವಾಪಸ್ ಬಿಡಬಹುದಾ?

ಪರ್ಕಳದವ

ಎಲ್ಲರಿಗೂ ನಮಸ್ಕಾರ. ಮೀನು ಸಾಕುವುದರಲ್ಲಿ ನಾನು ಹೊಸಬ. ವಿಷಯ ಸರಿಯಾಗಿ ಗೊತ್ತಾಗಲಿ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜುಲೈಯಲ್ಲಿ ಜೋರು ಮಳೆ ಬಂದು ಗದ್ದೆಗೆಲ್ಲ ನೀರು ಹತ್ತಿದ್ದಾಗ ಐದನೇ ಕ್ಲಾಸಿನ ನನ್ನ ಮಗ ಮನೆ ಹಿಂದಿನ ತೋಡಿನಿಂದ ಬೈರಾಸಿನಲ್ಲಿ (ಟವೆಲಿನಲ್ಲಿ) ನಾಲ್ಕು ಮೀನು ಹಿಡಿದು ತಂದ. ಆ ತೋಡು ಕೆಳಗೆ ಹೋಗಿ ಸ್ವರ್ಣಾ ನದಿ ಸೇರುತ್ತದೆ. ಆಗ ಅವು ಬೆರಳಿನ ಎರಡು ಗಂಟಿನಷ್ಟು ಉದ್ದ ಇದ್ದವು. ಮೈಮೇಲೆ ಮೂರು ಕಪ್ಪು ಪಟ್ಟೆ, ಬಾಲದಲ್ಲಿ ಕೆಂಪು. ಎರಡು ದಿನ ಬಕೆಟ್ಟಿನಲ್ಲಿ ಇಟ್ಟುಕೊಂಡ, ವಾಪಸ್ ಬಿಡು ಅಂದರೆ ಒಂದೇ ಅಳು. ಕೊನೆಗೆ ಎರಡು ಅಡಿ ಉದ್ದದ ಟ್ಯಾಂಕ್, ಒಂದು ಫಿಲ್ಟರ್ ತಂದೆ. ಟ್ಯಾಂಕ್ ಖಾಲಿ ಕಾಣುತ್ತದೆ ಅಂತ ಅಂಗಡಿಯಿಂದ ಆರು ಟೈಗರ್ ಬಾರ್ಬ್ ಕೂಡ ತಂದು ಬಿಟ್ಟೆ.

ಈಗ ನವೆಂಬರ್. ತೋಡಿನ ಮೀನುಗಳು ದೊಡ್ಡದಾಗಿವೆ, ಆದರೆ ಪಟ್ಟೆ ದಿನದಿಂದ ದಿನಕ್ಕೆ ಮಾಸುತ್ತಿದೆ. ಒಂದರಲ್ಲಂತೂ ಪೂರ್ತಿ ಹೋಗಿದೆ, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿದೆ. ತಿನ್ನುವುದು ಚೆನ್ನಾಗಿಯೇ ತಿನ್ನುತ್ತವೆ. ಟೈಗರ್ ಬಾರ್ಬ್‌ಗಳು ಇವುಗಳ ರೆಕ್ಕೆ ಕಚ್ಚುತ್ತವೆ, ಇವು ತಿರುಗಿ ಅವನ್ನು ಅಟ್ಟಿಸಿಕೊಂಡು ಹೋಗುತ್ತವೆ, ಇಡೀ ದಿನ ಇದೇ ಓಡಾಟ. ಕಳೆದ ವಾರ ಒಂದು ರಾತ್ರಿ ಹೊರಗೆ ಹಾರಿ ಸತ್ತಿತ್ತು. ಬೆಳಿಗ್ಗೆ ಮಗನೇ ನೋಡಿದ್ದು.

ಇನ್ನೊಂದು ವಿಷಯ. ನಾನು ಬಾವಿ ನೀರೇ ಹಾಕುವುದು. ಪಂಪ್ ಕೆಟ್ಟಾಗ ಒಂದು ದಿನ ಮಾತ್ರ ನಳ್ಳಿ ನೀರು ಅರ್ಧ ಟ್ಯಾಂಕ್ ಹಾಕಿದ್ದೆ, ಒಂದು ಗಂಟೆಯೊಳಗೆ ಎಲ್ಲವೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಎರಡು ಟೈಗರ್ ಬಾರ್ಬ್ ಹೋದವು.

ಪಟ್ಟೆ ಹೋಗುವುದು ರೋಗವಾ? ಉಳಿದ ಮೂರನ್ನು ಅದೇ ತೋಡಿಗೆ ಬಿಟ್ಟರೆ ಬದುಕುತ್ತವಾ? ಮಗನಿಗೆ ಎಂತ ಹೇಳಬೇಕು ಅಂತ ಗೊತ್ತಾಗುತ್ತಿಲ್ಲ.

ನಾಲ್ಕಡಿ ಟ್ಯಾಂಕ್

ಮೊದಲು ಸಮಾಧಾನದ ಸುದ್ದಿ. ಪಟ್ಟೆ ಹೋಗುವುದು ರೋಗ ಅಲ್ಲ, ಮೀನು ಬೆಳೆಯುತ್ತಿದೆ ಅಷ್ಟೇ. ನೀವು ಹೇಳಿದ ಹಾಗೆ ನೋಡಿದರೆ ಅದು ಫಿಲಮೆಂಟ್ ಬಾರ್ಬ್, ಡಾಕಿನ್ಸಿಯಾ ಫಿಲಮೆಂಟೋಸಾ. ಮರಿಯಾಗಿದ್ದಾಗ ಮೂರು ಕಪ್ಪು ಪಟ್ಟೆ ಇರುತ್ತದೆ. ದೊಡ್ಡದಾಗುತ್ತಾ ಅವು ಮಾಸಿ, ಬಾಲದ ಬುಡದ ಹತ್ತಿರ ಒಂದು ಉದ್ದನೆಯ ಕಪ್ಪು ಮಚ್ಚೆ ಉಳಿಯುತ್ತದೆ. ಬಾಲದ ಎರಡೂ ತುದಿಗಳ ಹತ್ತಿರ ಕೆಂಪು, ಕಪ್ಪು ಇದೆಯಾ ನೋಡಿ. ಇದ್ದರೆ ಬಹುತೇಕ ಅದೇ. ನನ್ನ ಹತ್ತಿರ ಇರುವ ಗಂಡುಗಳಿಗೆ ಎರಡನೇ ವರ್ಷ ಬೆನ್ನಿನ ರೆಕ್ಕೆಯಿಂದ ದಾರದ ಹಾಗೆ ಎಳೆಗಳು ಬಂದವು. ಎರಡು ಗಂಡು ಎದುರು ಬದುರು ನಿಂತು ಆ ಎಳೆಗಳನ್ನು ನೆಟ್ಟಗೆ ಬಿಡಿಸುವಾಗ ಮೈಮೇಲೆ ಹಸಿರು ಹೊಳಪು ಒಮ್ಮೆ ಹತ್ತಿ ಆರುತ್ತದೆ. ನಾನು ಊಟದ ತಟ್ಟೆ ಹಿಡಿದುಕೊಂಡೇ ಟ್ಯಾಂಕಿನ ಮುಂದೆ ಕೂತುಬಿಡುತ್ತೇನೆ.

ಆದರೆ ನಿಮ್ಮ ಟ್ಯಾಂಕ್ ಸಾಕಾಗುವುದಿಲ್ಲ. ಇದು ಒಂದು ಗೇಣಿಗೆ ಸ್ವಲ್ಪ ಕಮ್ಮಿ ಬೆಳೆಯುವ ಮೀನು, ಓಡುವ ಮೀನು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಬರೀ 56 ಲೀಟರ್ ಆಯಿತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ ಇದ್ದರೆ 250 ಲೀಟರ್ ದಾಟುತ್ತದೆ. ಇವಕ್ಕೆ ಅಷ್ಟಾದರೂ ಬೇಕು. ಆರಕ್ಕಿಂತ ಜಾಸ್ತಿ ಇದ್ದರೆ ಅವು ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತವೆ. ಎರಡು ಮೂರೇ ಇದ್ದರೆ ಗಾಬರಿ ಬೀಳುತ್ತವೆ, ಹಾರುತ್ತವೆ. ಈ ಜಾತಿಗೆ ಮುಚ್ಚಳ ಇಲ್ಲದ ಟ್ಯಾಂಕ್ ಇಡಲೇಬಾರದು. ಇವತ್ತೇ ಒಂದು ಗಾಜೋ ಬಲೆಯೋ ಮುಚ್ಚಿ.

ಟೈಗರ್ ಬಾರ್ಬ್ ಕಥೆಯೂ ಅದೇ. ಅವು ಸುಮಾತ್ರಾ, ಬೋರ್ನಿಯೋ ಕಡೆಯ ಮೀನು, ಗುಂಪು ಚಿಕ್ಕದಾದಷ್ಟು ಬೇರೆ ಮೀನಿನ ರೆಕ್ಕೆಗೆ ಬಾಯಿ ಹಾಕುತ್ತವೆ. ಈಗ ನಾಲ್ಕೇ ಉಳಿದಿವೆ ಅಂದರೆ ಕಚ್ಚುವುದು ಇನ್ನೂ ಜಾಸ್ತಿ ಆಗುತ್ತದೆ. ನಾಳೆ ಫಿಲಮೆಂಟ್ ಬಾರ್ಬಿಗೆ ಎಳೆ ಬಂದರೆ ಮೊದಲು ಕತ್ತರಿಸುವುದು ಅದನ್ನೇ. ಎರಡನ್ನೂ ಒಟ್ಟಿಗೆ ಇಡಬೇಡಿ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಕಡೆ ತುಂಬ ಜನ ಮೀನು ಕಳೆದುಕೊಳ್ಳುವುದು ಇದರಲ್ಲೇ. ನಮ್ಮದು ಮುರಕಲ್ಲಿನ ನೆಲ. ಬಾವಿ ನೀರು ಮೃದು, ಸ್ವಲ್ಪ ಹುಳಿ. ಪಿಎಚ್ ಅಂದರೆ ಹುಳಿಯ ಅಳತೆ, ಕೆಳಗೆ ಹೋದಷ್ಟು ಹುಳಿ ಜಾಸ್ತಿ. ಅದು 6ರ ಆಸುಪಾಸು, ಕೆಲವು ಕಡೆ ಅದಕ್ಕಿಂತಲೂ ಕೆಳಗೆ. ತೋಡಿನ ಬಾರ್ಬ್‌ಗಳಿಗೆ ಇದೇನೂ ಹೊಸದಲ್ಲ. ತೊಂದರೆ ಎಂತ ಅಂದರೆ, ಇಷ್ಟು ಮೃದು ನೀರಿನಲ್ಲಿ ಹುಳಿಯನ್ನು ತಡೆದು ಹಿಡಿಯುವ ಕಾರ್ಬೊನೇಟ್ ಇರುವುದಿಲ್ಲ. ಮೀನಿನ ಗಲೀಜು ಕೊಳೆಯುತ್ತಾ ಪಿಎಚ್ ಇನ್ನೂ ಇಳಿಯುತ್ತದೆ. ಆಗ ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ, ಅಮೋನಿಯಾ ಅಮೋನಿಯಂ ಆಗಿ ನೀರಿನಲ್ಲೇ ಕೂಡಿಕೊಳ್ಳುತ್ತದೆ. ಅದು ಅಷ್ಟು ವಿಷ ಅಲ್ಲ, ಹಾಗಾಗಿ ಮೀನು ಸುಮ್ನೆ ಇರುತ್ತದೆ. ಅದಕ್ಕೆ ನೀವು ಒಮ್ಮೆಲೇ ಅರ್ಧ ಟ್ಯಾಂಕ್ ನಳ್ಳಿ ನೀರು ಹಾಕಿದಿರಿ. ಉಡುಪಿ ನಳ್ಳಿಯಲ್ಲಿ ಬರುವುದೂ ಹೊಳೆಯ ನೀರೇ, ಆದರೆ ಕ್ಲೋರಿನ್ ಹಾಕಿರುತ್ತಾರೆ, ಪಿಎಚ್ ಕೂಡ ಬಾವಿ ನೀರಿಗಿಂತ ಮೇಲಿರುತ್ತದೆ. ಪಿಎಚ್ ಏರಿದ ಕೂಡಲೇ ಕೂಡಿಕೊಂಡಿದ್ದೆಲ್ಲ ಮತ್ತೆ ವಿಷದ ಅಮೋನಿಯಾ ಆಗುತ್ತದೆ, ಮೇಲಿಂದ ಕ್ಲೋರಿನ್ ಕಿವಿರು ಸುಡುತ್ತದೆ. ಅವು ಬಾಯಿ ಬಿಟ್ಟದ್ದು ಅದಕ್ಕೇ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಒಂದೇ ಮೂಲದ ನೀರು ಹಾಕಿ. ನಳ್ಳಿ ನೀರು ಹಾಕಲೇಬೇಕಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಸ್ವಲ್ಪ ಸ್ವಲ್ಪವೇ ಹಾಕಿ. ಫಿಲ್ಟರಿನಲ್ಲಿ ನಾಲ್ಕೈದು ಮರುವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು ಇಟ್ಟರೆ ಅದು ನಿಧಾನಕ್ಕೆ ಕರಗುತ್ತಾ ಪಿಎಚ್ ಕೆಳಗೆ ಬೀಳದ ಹಾಗೆ ನೋಡಿಕೊಳ್ಳುತ್ತದೆ.

ಬೈಲುಮನೆ

ಅವರ ತೋಡಿನದ್ದೇ ಮೀನು ಅಲ್ವಾ, ಅವರ ತೋಡಿಗೇ ಬಿಡಲಿ. ನಾವು ಸಣ್ಣವರಿದ್ದಾಗ ಉಬರ್ ಮೀನಿನ ಸಮಯದಲ್ಲಿ, ಅಂದರೆ ಮಳೆ ಶುರುವಾಗಿ ಮೀನು ಗದ್ದೆಗೆ ಹತ್ತಿ ಬರುವಾಗ, ಗದ್ದೆಯ ಕಂಡಿಯಲ್ಲಿ ಎಷ್ಟು ಹಿಡಿಯುತ್ತಿದ್ದೆವು, ಮರಿಗಳನ್ನೆಲ್ಲ ಬಾವಿಗೆ ಬಿಟ್ಟು ಬೇಸಗೆಯಲ್ಲಿ ತಿರುಗಿ ಹೊಳೆಗೆ ಹಾಕುತ್ತಿದ್ದೆವು. ಯಾವುದೂ ಸಾಯಲಿಲ್ಲ. ನಾಲ್ಕು ತಿಂಗಳಲ್ಲಿ ಈಜುವುದು ಮರೆತುಹೋಗುವುದಿಲ್ಲ ಮಾರಾಯ್ರೆ. ಮಗು ಕೈಯಿಂದಲೇ ಬಿಡಿಸಿ, ಅದಕ್ಕೂ ಖುಷಿಯಾಗುತ್ತದೆ.

ಕಪಿಲೆಯ ಕರೆ

ಬೈಲುಮನೆಯವರೇ, ನೀವು ಬಾವಿಯಲ್ಲಿ ಇಟ್ಟದ್ದು ಬರೀ ಹೊಳೆ ಮೀನನ್ನು. ಅದು ಬೇರೆ. ಇಲ್ಲಿ ಅವು ಮೂರು ನಾಲ್ಕು ತಿಂಗಳು ಅಂಗಡಿ ಮೀನಿನ ಜೊತೆ ಒಂದೇ ನೀರಿನಲ್ಲಿ ಇದ್ದಿವೆ. ಅಂಗಡಿ ಮೀನು ಎಲ್ಲೆಲ್ಲಿಂದಲೋ ಬರುತ್ತದೆ, ದಾರಿಯಲ್ಲಿ ಹತ್ತು ಟ್ಯಾಂಕ್ ನೋಡಿರುತ್ತದೆ. ಬಿಳಿ ಚುಕ್ಕೆ ರೋಗ, ಕಿವಿರಿನ ಹುಳ, ಹೇನಿನಂಥ ಜಂತು, ಇವೆಲ್ಲ ಕಣ್ಣಿಗೆ ಕಾಣದೆಯೇ ದಾಟುತ್ತವೆ. ನಿಮ್ಮ ಮೀನು ಆರೋಗ್ಯವಾಗಿಯೇ ಕಾಣಬಹುದು, ತಾನು ಬದುಕಿಯೂ ಬೇರೆಯವಕ್ಕೆ ಅಂಟಿಸಬಹುದು. ಟ್ಯಾಂಕಿನಲ್ಲಿ ರೋಗ ಬಂದರೆ ಹತ್ತು ಮೀನು ಸಾಯುತ್ತವೆ. ತೋಡಿಗೆ ಹೋದರೆ ಅದಕ್ಕೆ ಔಷಧಿ ಹಾಕುವವರು ಯಾರು? ಪರ್ಕಳದವರೇ, ದಯವಿಟ್ಟು ಬಿಡಬೇಡಿ. ಟೈಗರ್ ಬಾರ್ಬ್ ಅಂತೂ ಬಿಡಲೇಬೇಡಿ. ಟ್ಯಾಂಕಿನ ಹಳೇ ನೀರನ್ನೂ ತೋಡಿಗೆ ಚೆಲ್ಲಬೇಡಿ, ತೆಂಗಿನ ಬುಡಕ್ಕೆ ಹಾಕಿ.

ನನ್ನ ಮನೆ ಕಪಿಲಾ ಹೊಳೆಯ ದಡದಲ್ಲಿ, ಶಿಶಿಲದಿಂದ ಸ್ವಲ್ಪ ಕೆಳಗೆ. ದೇವಸ್ಥಾನದ ಹತ್ತಿರ ದೇವರ ಮೀನುಗಳನ್ನು ನೋಡಲು ಎಷ್ಟೋ ಜನ ಬರುತ್ತಾರೆ. ಅವು ಮಹಶೀರ್, ಬಾರ್ಬುಗಳದ್ದೇ ದೊಡ್ಡ ಬಳಗ. ಅಕ್ಕಿ ಹಾಕಿದರೆ ನೀರು ಕುದಿಯುವ ಹಾಗೆ ಮುತ್ತುತ್ತವೆ. ಅದೇ ಜನ ಹತ್ತು ಹೆಜ್ಜೆ ಕೆಳಗೆ ಬಂದು ಕಲ್ಲಿನ ಸಂದಿಗೆ ನೋಡುವುದಿಲ್ಲ. ಡಿಸೆಂಬರ್ ಹೊತ್ತಿಗೆ ನೀರು ತಿಳಿಯಾದ ಮೇಲೆ ಬೆಳಿಗ್ಗೆ ಬಂಡೆಯ ಮೇಲೆ ಬೋರಲು ಮಲಗಿ ನೋಡಿ. ಅಲುಗಾಡಬಾರದು, ನೆರಳು ನೀರಿಗೆ ಬೀಳಬಾರದು. ಐದು ನಿಮಿಷ ಏನೂ ಇಲ್ಲ. ಆಮೇಲೆ ಸಣ್ಣ ಬಾರ್ಬುಗಳು ಒಂದೊಂದಾಗಿ ಬರುತ್ತವೆ. ಕಲ್ಲಿನ ಪಾಚಿಯನ್ನು ಕೆರೆಯಲು ಮೈ ಓರೆ ಮಾಡಿದಾಗ ಹೊಟ್ಟೆ ಬೆಳ್ಳಿಯ ಚೂರಿನ ಹಾಗೆ ಮಿಂಚುತ್ತದೆ. ಒಂದು ಮಿಂಚಿದ ಕಡೆ ಇನ್ನೊಂದು ಬರುತ್ತದೆ, ಮೂರನೆಯದು ಅದನ್ನು ದೂಡುತ್ತದೆ. ಮಿಂಚುಳ್ಳಿ ಕೂಗಿದರೆ ಸಾಕು, ಎಲ್ಲವೂ ಒಂದೇ ಸಲ ಮಾಯ.

ಇವನ್ನು ಬರೀ ಪಕ್ಕೆ ಮೀನು ಅಂತ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತೇವೆ. ಮೊದಲು ವಿಜ್ಞಾನಿಗಳೂ ಹಾಗೇ, ಎಲ್ಲವನ್ನೂ ಪುಂಟಿಯಸ್ ಅನ್ನುತ್ತಿದ್ದರು. 2012ರಲ್ಲಿ ಶ್ರೀಲಂಕಾದ ರೋಹನ್ ಪೇತಿಯಗೊಡ ಮತ್ತು ಅವರ ಜೊತೆಯವರು ಬಿಡಿಸಿ ನೋಡಿ ಬೇರೆ ಬೇರೆ ಕುಲ ಮಾಡಿದರು. ಡಾಕಿನ್ಸಿಯಾ ಬಂದದ್ದು ಆಗಲೇ, ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಹೆಸರಿನಲ್ಲಿ. ಪೇತಿಯಾ ಅನ್ನುವ ಕುಲದ ಹೆಸರು ಸಿಂಹಳದವರು ಇಂಥ ಸಣ್ಣ ಮೀನಿಗೆ ಹೇಳುವ ಮಾತು, ನಮ್ಮ ಪಕ್ಕೆ ಇದ್ದ ಹಾಗೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಹಲುದಾರಿಯಾ. ನಮ್ಮ ಘಟ್ಟದ ಹೊಳೆಗಳ ಮೆಲನ್ ಬಾರ್ಬ್ ಈ ಕುಲದ್ದು. ಇನ್ನೂರು ವರ್ಷದ ಹಿಂದೆ ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ವಿಜ್ಞಾನಿ ಗಂಗಾ ಬಯಲಿನ ಮೀನುಗಳ ಬಗ್ಗೆ ಬರೆದಾಗ ಅವಕ್ಕೆ ಚಿತ್ರ ಬರೆದವನು ಹಲುದಾರ್ ಎಂಬ ಬಂಗಾಳಿ ಹುಡುಗ ಅನ್ನುತ್ತಾರೆ, ಅವನ ನೆನಪಿಗೆ ಇಟ್ಟದ್ದು.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಒಂದೇ ಥರ ಕಾಣುವ ಮೀನು ಒಂದೇ ಜಾತಿ ಆಗಿರಬೇಕಂತಿಲ್ಲ. ಫಿಲಮೆಂಟ್ ಬಾರ್ಬ್ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಉದ್ದಕ್ಕೂ ಸಿಗುತ್ತದೆ, ಅದಕ್ಕೆ ಸದ್ಯಕ್ಕೆ ಭಯ ಇಲ್ಲ. ಅದರ ಹತ್ತಿರದ ನೆಂಟ ಮಸ್ಕಾರಾ ಬಾರ್ಬ್, ಡಾಕಿನ್ಸಿಯಾ ಅಸಿಮಿಲಿಸ್, ನಮ್ಮ ನೇತ್ರಾವತಿಯದು. ಜೆರ್ಡನ್ ಎಂಬ ಬ್ರಿಟಿಷ್ ವಿಜ್ಞಾನಿ 1849ರಲ್ಲೇ ಅದನ್ನು ವಿವರಿಸಿದ್ದ. ಮರಿ ಮೀನಿನಲ್ಲಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಮಿಸ್ ಕೇರಳ ಅಂತ ಹೆಸರಾದ ಕೆಂಪು ಗೆರೆಯ ಬಾರ್ಬಿಗೆ ಏನಾಯಿತು ಗೊತ್ತಲ್ವಾ, ಅಕ್ವೇರಿಯಂಗೆ ಅಂತ ಹೊಳೆಯಿಂದ ಹಿಡಿದು ಹಿಡಿದು ಮಾರಿ ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಟ್ಯಾಂಕ್ ದೊಡ್ಡದು ಮಾಡಿದ ಮೇಲೆ ಗುಂಪು ಪೂರ್ತಿ ಮಾಡಲು ಮತ್ತೆ ತೋಡಿಗೆ ಇಳಿಯಬೇಡಿ. ಸಾಕಿ ಮರಿ ಮಾಡಿಸಿದವರ ಹತ್ತಿರ ತೆಗೆದುಕೊಳ್ಳಿ.

ಮಗುವಿನ ಬೈರಾಸಿನಿಂದ ಹೊಳೆ ಖಾಲಿ ಆಗುವುದಿಲ್ಲ, ಅದು ನನಗೆ ಗೊತ್ತು. ಖಾಲಿ ಆಗುವುದು ಏಪ್ರಿಲ್‌ನಲ್ಲಿ. ನೀರು ಹರಿಯುವುದು ನಿಂತು ಅಲ್ಲೊಂದು ಇಲ್ಲೊಂದು ಗುಂಡಿ ಉಳಿದಾಗ ಇಡೀ ಹೊಳೆಯ ಮೀನು ಅಲ್ಲಿ ಸೇರುತ್ತದೆ. ಆ ಗುಂಡಿಗೆ ಯಾರೋ ರಾತ್ರಿ ಬ್ಲೀಚಿಂಗ್ ಪೌಡರ್ ಸುರಿದು ಹೋಗುತ್ತಾರೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಅದೂ ವಿಷವೇ. ಎರಡು ವರ್ಷದ ಹಿಂದೆ ನಮ್ಮ ಮನೆ ಕೆಳಗಿನ ಗುಂಡಿಗೆ ಹೀಗೆ ಮಾಡಿದ್ದರು. ದೊಡ್ಡ ಮೀನು ಹೆಕ್ಕಿಕೊಂಡು ಹೋಗಿದ್ದರು. ಉಗುರಿನಷ್ಟು ಗಾತ್ರದ ಮರಿಗಳು, ಆ ಮೂರು ಪಟ್ಟೆ ಇನ್ನೂ ಸರಿಯಾಗಿ ಮೂಡಿರದ ಮರಿಗಳು, ದಡದ ಉದ್ದಕ್ಕೂ ಬಿಳಿ ಬಿಳಿಯಾಗಿ ಬಿದ್ದಿದ್ದವು. ಈಗ ಬೇಸಗೆ ಬಂದರೆ ನಾವು ಮೂರು ಮನೆಯವರು ಸರದಿಯಲ್ಲಿ ರಾತ್ರಿ ಒಮ್ಮೆ ಟಾರ್ಚ್ ಹಿಡಿದು ಹೋಗಿ ಬರುತ್ತೇವೆ.

ಪರ್ಕಳದವ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಾಡಿದ್ದು ಭಾನುವಾರ ತೋಡಿಗೆ ಬಿಡುವುದು ಅಂತ ಮಗನಿಗೆ ಮಾತು ಕೊಟ್ಟಿದ್ದೆ. ಕಪಿಲೆಯ ಕರೆಯವರು ಬರೆದದ್ದನ್ನು ಅವನಿಗೇ ಓದಿ ಹೇಳಿದೆ. ಮರಿಗಳು ಸತ್ತು ಬಿದ್ದಿದ್ದ ಭಾಗ ಬಂದಾಗ ಮಾತಾಡಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಹೋಗಲು ಎಷ್ಟು ವರ್ಷ ಆಗಿರಬೇಕು ಅಂತ ಕೇಳಿದ.

ಬಾಲ ನೋಡಿದೆವು. ತುದಿಗಳಲ್ಲಿ ಕೆಂಪು ಇದೆ, ಅದರ ಪಕ್ಕ ಕಪ್ಪು ಇದೆ. ಮುಚ್ಚಳ ಹಾಕಿ ಆಯಿತು. ಟೈಗರ್ ಬಾರ್ಬ್‌ಗಳನ್ನು ಮಣಿಪಾಲದ ನನ್ನ ಗೆಳೆಯ ತೆಗೆದುಕೊಳ್ಳುತ್ತಾನೆ, ಅವನ ಹತ್ತಿರ ಆಗಲೇ ಹತ್ತು ಹನ್ನೆರಡು ಇವೆ. ನಾಲ್ಕಡಿ ಟ್ಯಾಂಕಿಗೆ ಜಾಗ ಮಾಡಬೇಕಾದರೆ ಟಿವಿ ಸ್ಟ್ಯಾಂಡ್ ಆಚೆ ಹೋಗಬೇಕು. ಮನೆಯವಳು ಒಪ್ಪಿದ್ದಾಳೆ, ಆದರೆ ಕ್ರಿಸ್‌ಮಸ್ ರಜೆಯಲ್ಲಿ ನಾನೇ ಎಲ್ಲ ಮಾಡಬೇಕಂತೆ.

ಎರಡು ಪ್ರಶ್ನೆ ಉಳಿದಿದೆ. ಮರುವಾಯಿ ಚಿಪ್ಪನ್ನು ಪದಾರ್ಥ ಮಾಡಿದ ಮೇಲೆ ಹಾಗೇ ಹಾಕಬಹುದಾ, ಉಪ್ಪು ಹುಳಿ ಹಿಡಿದಿರುತ್ತದಲ್ವಾ? ಮತ್ತೆ ದೊಡ್ಡ ಟ್ಯಾಂಕ್ ಬಂದ ದಿನವೇ ಮೀನು ಬದಲಿಸಬಹುದಾ?

ನಾಲ್ಕಡಿ ಟ್ಯಾಂಕ್

ಪದಾರ್ಥದ ಚಿಪ್ಪು ಬೇಡ, ಎಣ್ಣೆ ಮಸಾಲೆ ಬಿಡುವುದಿಲ್ಲ. ಮುಂದಿನ ಸಲ ಮರುವಾಯಿ ತಂದಾಗ ಖಾಲಿ ಚಿಪ್ಪು ಐದಾರು ಬೇರೆ ತೆಗೆದಿಡಿ. ಬರೀ ನೀರಿನಲ್ಲಿ ಕುದಿಸಿ, ಒಳಗೆ ಅಂಟಿದ ಮಾಂಸದ ಚೂರನ್ನು ಹಳೇ ಬ್ರಶ್ಶಿನಲ್ಲಿ ಉಜ್ಜಿ, ಎರಡು ದಿನ ಬಿಸಿಲಿಗೆ ಹಾಕಿ. ವಾಸನೆ ಹೋಗಿದೆಯಾ ನೋಡಿಕೊಂಡು ಫಿಲ್ಟರಿನಲ್ಲಿಡಿ.

ಬಂದ ದಿನವೇ ಬದಲಿಸಬೇಡಿ. ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ತಾನಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆದರೆ ನಿಮ್ಮ ಹಳೇ ಫಿಲ್ಟರಿನ ಸ್ಪಾಂಜಿನಲ್ಲಿ ಅದು ಆಗಲೇ ಇದೆ. ಈಗಿನಿಂದಲೇ ಇನ್ನೊಂದು ಸ್ಪಾಂಜನ್ನು ಇದೇ ಟ್ಯಾಂಕಿನಲ್ಲಿ ಓಡಿಸಿ, ಕ್ರಿಸ್‌ಮಸ್ ಹೊತ್ತಿಗೆ ಅದನ್ನು ತೊಳೆಯದೆ ಹಾಗೇ ಹೊಸದಕ್ಕೆ ದಾಟಿಸಿ. ಮೂರು ಮೀನಿಗೆ ಅಷ್ಟು ಸಾಕು. ಆಮೇಲೆ ನನಗೊಂದು ಮೆಸೇಜ್ ಹಾಕಿ. ಈ ವರ್ಷ ನನ್ನಲ್ಲಿ ಮೊಟ್ಟೆ ಒಡೆದು ಬಂದ ಮರಿಗಳಿವೆ, ಪಟ್ಟೆ ಇನ್ನೂ ಗಟ್ಟಿಯಾಗಿ ಇರುವವು. ಐದು ಕೊಡುತ್ತೇನೆ. ಮಗನನ್ನು ಕರೆದುಕೊಂಡು ಬನ್ನಿ, ಅವನೇ ಆರಿಸಲಿ.