ಮಳೆಗಾಲಕ್ಕೆ ಫೈಬರ್ ಮೃದಂಗ ತರುವುದಾ, ಚರ್ಮದ್ದನ್ನೇ ರಿಪೇರಿ ಮಾಡಿಸುವುದಾ?

ಘಟ್ಟದಂಚು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಸ್ವಲ್ಪ ಒಳಗೆ. ಮಳೆ ಎಷ್ಟು ಅಂತ ಹೇಳುವುದು ಬೇಡ ಅಲ್ವಾ. ಊರ ದೇವಸ್ಥಾನದಲ್ಲಿ ಪ್ರತಿ ಶನಿವಾರ ಭಜನೆ ಇದೆ. ಅದರ ಮೃದಂಗ ಮಾತ್ರ ಇರುವುದು ನಮ್ಮ ಮನೆಯಲ್ಲಿ. ದೇವಸ್ಥಾನದಲ್ಲಿ ಇಟ್ಟರೆ ಇಲಿಗಳು ಬಿಡುವುದಿಲ್ಲ. ದನಿ ತಗ್ಗಿಸಲು ಎಡಗಡೆ ಹಚ್ಚಿದ ರವೆಯನ್ನು ಯಾರಾದರೂ ಕೆರೆದು ತೆಗೆಯದೆ ಹೋದರೆ ಮುಗಿಯಿತು, ಬೆಳಗ್ಗೆ ಹೊತ್ತಿಗೆ ರವೆ ಜೊತೆ ಚರ್ಮವನ್ನೂ ತಿಂದಿರುತ್ತವೆ.

ಆರಿದ್ರಾ ಮಳೆ ಹಿಡಿದ ಮೇಲೆ ಇದನ್ನು ಬಾರಿಸಿದರೆ ಹಳೇ ಚಾಪೆ ಬಡಿದ ಹಾಗೆ ಕೇಳುತ್ತದೆ. ಹಾರ್ಮೋನಿಯಂ ಒಂದು ಶ್ರುತಿ, ಇದು ಇನ್ನೊಂದು. ಸುತ್ತಿಗೆಯಲ್ಲಿ ಬಡಿದು ಏರಿಸಿದರೂ ಎರಡು ಹಾಡು ಮುಗಿಯುವಷ್ಟರಲ್ಲಿ ಇಳಿದಿರುತ್ತದೆ. ಕಳೆದ ಶ್ರಾವಣ ಪೂರ್ತಿ ಬರೀ ತಾಳದಲ್ಲೇ ಭಜನೆ ನಡೆಯಿತು. ಈಗ ಬಲಗಡೆ ಮುಚ್ಚಿಗೆಯೂ (ಬಾರಿಸುವ ಚರ್ಮದ ಹೊದಿಕೆ) ಹರಿದಿದೆ. ರಿಪೇರಿಗೆ ಶಿವಮೊಗ್ಗಕ್ಕೇ ಹೊತ್ತುಕೊಂಡು ಹೋಗಬೇಕು. (ಬಸ್ಸಿನಲ್ಲಿ ಅದಕ್ಕೂ ಲಗೇಜ್ ಟಿಕೆಟ್ ಹರಿಯುತ್ತಾರೆ, ಅದು ಬೇರೆ ಕಥೆ.)

ಕಮಿಟಿಯವರು ಫೈಬರ್ ಮೃದಂಗ ತರೋಣ ಅನ್ನುತ್ತಿದ್ದಾರೆ. ನಮ್ಮ ಮಾವನವರು ಒಪ್ಪುತ್ತಿಲ್ಲ. "ಪ್ಲಾಸ್ಟಿಕ್ಕು ಬಡ್ಕಂಡು ದೇವರನ್ನ ಕರಿಯದಾ" ಅಂತ ಒಂದೇ ಮಾತು. ಇನ್ನೊಂದು ವಿಷಯ, ಮಗ ತೀರ್ಥಹಳ್ಳಿಯಲ್ಲಿ ಮೃದಂಗ ಪಾಠಕ್ಕೆ ಸೇರಿದ್ದಾನೆ. ತ ದಿ ತೊಂ ನಂ ಅನ್ನುವ ಮೊದಲ ಪಾಠ ದಾಟಿ ಈಗ ಸಣ್ಣ ಸಣ್ಣ ಪಾಠಗಳಿಗೆ ಬಂದಿದ್ದಾನೆ. ಅವನ ಅಭ್ಯಾಸಕ್ಕೂ ಇದೇ ಮೃದಂಗ ಆಗಬೇಕು. ಅಂಗಡಿಯವರ ಮಾತು ಬೇಡ, ಬಾರಿಸಿ ನೋಡಿದವರು ಹೇಳಿ.

ಭದ್ರಾವತಿ ಬಾಯ್:

ಫೈಬರ್ ತಗೊಳ್ಳಿ ಅಕ್ಕ, ಯೋಚನೆ ಮಾಡಬೇಡಿ. ನಮ್ಮ ಗಣಪತಿ ಪೆಂಡಾಲಿನಲ್ಲಿ ಇರುವುದು ಅದೇ. ಮಳೆಯಲ್ಲಿ ನೆನೆದರೆ ಟವೆಲ್ ತಗೊಂಡು ಒರೆಸಿ ಮತ್ತೆ ಬಾರಿಸುತ್ತಾರೆ. ಶ್ರುತಿ ಗಿರುತಿ ನನಗೆ ಗೊತ್ತಾಗುವುದಿಲ್ಲ, ಸೌಂಡ್ ಚೆನ್ನಾಗಿದೆ.

ಎಡ-ಬಲ:

ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ಮನೆಯಲ್ಲಿ ಎರಡೂ ಬಗೆ ಇವೆ. ನೀವು ಒಂದು ಪ್ರಶ್ನೆ ಅಂತ ಕೇಳಿದ್ದೀರಿ, ಅದರಲ್ಲಿ ಎರಡು ಸೇರಿಕೊಂಡಿವೆ. ದೇವಸ್ಥಾನಕ್ಕೆ ಫೈಬರ್ ತನ್ನಿ. ಹಳೆಯದಕ್ಕೆ ಮುಚ್ಚಿಗೆ ಹಾಕಿಸಿ ಮಗನಿಗೆ ಕೊಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಚರ್ಮ ಗಾಳಿಯ ತೇವ ಕುಡಿದು ಸಡಿಲ ಆಗುತ್ತದೆ, ಶ್ರುತಿ ಇಳಿಯುತ್ತದೆ. ಮುಚ್ಚಿಗೆ ಮಾತ್ರ ಅಲ್ಲ, ಅದನ್ನು ಎಳೆದು ಹಿಡಿದಿರುವ ಬಾರೂ ಚರ್ಮವೇ, ಅದೂ ಹಿಗ್ಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಂಥ ಗಾಳಿಯಲ್ಲಿ ಬಡಿದು ಏರಿಸಿದ ಶ್ರುತಿ ಎಲ್ಲಿ ನಿಲ್ಲಬೇಕು? ನಿಜವಾದ ಅಪಾಯ ಇರುವುದು ಅದರ ಮುಂದೆ. ಮಳೆಯಲ್ಲಿ ಬಿಗಿ ಮಾಡಿ ಹಾಗೇ ಬಿಟ್ಟ ಮೃದಂಗ, ದೀಪಾವಳಿ ಕಳೆದು ಒಣಗಾಳಿ ಬಂದಾಗ ತಾನಾಗಿಯೇ ಇನ್ನಷ್ಟು ಎಳೆದುಕೊಳ್ಳುತ್ತದೆ. ಯಾರೂ ಮುಟ್ಟದೆ ಮೂಲೆಯಲ್ಲಿ ಇದ್ದರೂ ಮೀಟು (ಬಲಗಡೆ ಅಂಚಿನ ಚರ್ಮದ ಉಂಗುರ) ಹರಿಯಬಹುದು. ನಿಮ್ಮದು ಹರಿದದ್ದು ಚಳಿಗಾಲದಲ್ಲೇ ಆಗಿದ್ದರೆ ಕಾರಣ ಇದೇ ಇರಬೇಕು.

ಈಗ ಸಿಂಥೆಟಿಕ್, ಅಂದರೆ ನೀವು ಹೇಳುವ ಫೈಬರ್ ವಿಷಯ. ಮೈ ಫೈಬರ್‌ಗ್ಲಾಸ್, ಮುಚ್ಚಿಗೆ ಪಾಲಿಯೆಸ್ಟರ್ ಹಾಳೆ, ಬಾರಿನ ಜಾಗದಲ್ಲಿ ಬೋಲ್ಟು. ಬೆಂಗಳೂರಿನ ಎಂಜಿನಿಯರ್ ಡಾ. ಕೆ. ವರದರಂಗನ್ ಇದರ ಹಿಂದೆ ಬಿದ್ದು 'ಶ್ರೀ ಮೃದಂಗ' ಮಾಡಿದರು. ಈ ಕಡೆ ಹೆಚ್ಚು ಹೆಸರು ಕೇಳುವುದು ಅದರದ್ದೇ. ಡ್ರಮ್ ಸೆಟ್‌ನವರು ಈ ದಾರಿಗೆ ಯಾವತ್ತೋ ಬಂದಿದ್ದಾರೆ. ಅಮೆರಿಕದ ರೆಮೋ ಬೆಲ್ಲಿ 1957ರಲ್ಲೇ ಪಾಲಿಯೆಸ್ಟರ್ ಹಾಳೆಯ ವ್ಯಾಪಾರ ಶುರು ಮಾಡಿದರು. ಅಲ್ಲಿ ಈಗ ಕರುವಿನ ಚರ್ಮ ಕೇಳುವವರೇ ಕಡಿಮೆ. ಆದರೆ ಅವರ ಕೆಲಸ ಸುಲಭ, ಹಾಳೆ ಬಿಗಿದರೆ ಆಯಿತು. ನಮ್ಮದಕ್ಕೆ ನಡುವೆ ಕರಣೆ, ಅಂದರೆ ಆ ಕಪ್ಪು ವೃತ್ತ, ಬೇಕು. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಪದರದ ಮೇಲೆ ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಕೂರಿಸುವ ಕೆಲಸ ಅದು. ಬರೀ ಚರ್ಮ ಬಿಗಿದರೆ ಸದ್ದು ಬರುತ್ತದೆ, ಶ್ರುತಿಗೆ ನಿಲ್ಲುವ ಸ್ವರ ಬರುವುದಿಲ್ಲ. ಕರಣೆಯ ಭಾರದಿಂದಲೇ ಮುಖ್ಯ ಸ್ವರದ ಜೊತೆ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ತಂತಿ ಮೀಟಿದಾಗ ಬರುವ ಲೆಕ್ಕದಲ್ಲೇ. ಸಿ.ವಿ. ರಾಮನ್ ಇದನ್ನು 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಪಾಲಿಯೆಸ್ಟರ್ ಮೇಲೆ ಆ ಭಾರ ಸರಿಯಾಗಿ ಕೂರಿಸುವುದೇ ಕಷ್ಟದ ಕೆಲಸ. ಒಳ್ಳೆಯ ಸಿಂಥೆಟಿಕ್‌ನಲ್ಲಿ ಅದು ಕೂತಿದೆ. 'ನಂ' ಸ್ವಚ್ಛವಾಗಿ ಬರುತ್ತದೆ. ಮೈಕ್ ಮುಂದೆ ಕೂತರೆ ಬಲಗಡೆಯ ವ್ಯತ್ಯಾಸ ಹೇಳುವುದು ಕಷ್ಟ.

ನನ್ನ ತಕರಾರು ಇರುವುದು ಎಡಗಡೆ. ಹಸಿ ರವೆ ಹೊತ್ತ ಚರ್ಮ ಅಂಗೈ ಒತ್ತಿದಷ್ಟೂ ಒಳಗೆ ಹೋಗಿ ಬರುತ್ತದೆ. ಗುಮ್ಕಿ, ಅಂದರೆ ಏರಿಳಿಯುವ ಆ ಗುಂಯ್ ನಾದ, ಹುಟ್ಟುವುದೇ ಅಲ್ಲಿ. ಹಾಳೆ ಅಷ್ಟು ಬಗ್ಗುವುದಿಲ್ಲ. 'ತೊಂ' ಬರುತ್ತದೆ, ಹೊಟ್ಟೆಯಿಂದ ಬರುವುದಿಲ್ಲ. ಭಜನೆಗೆ ಇದು ಲೆಕ್ಕಕ್ಕಿಲ್ಲ. ಹತ್ತು ಜನ ತಾಳ ಕುಟ್ಟುವಾಗ ಗುಮ್ಕಿ ಯಾರಿಗೆ ಕೇಳಬೇಕು! ಆದರೆ ಕಲಿಯುವ ಹುಡುಗನ ಎಡಗೈ ಈಗಲೇ ತಯಾರಾಗಬೇಕು. ಇನ್ನೊಂದು, ರವೆ ಕಲಸುವುದು, ಹದ ನೋಡಿ ಹಚ್ಚುವುದು, ಸುತ್ತಲೂ ತಟ್ಟಿ ಎಲ್ಲಿ ಇಳಿದಿದೆ ಅಂತ ಕಿವಿಯಲ್ಲಿ ಹುಡುಕುವುದು, ಇವೆಲ್ಲ ಪಾಠವೇ. ಫೈಬರ್‌ನಲ್ಲೇ ಶುರು ಮಾಡಿದ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಕೈ ಓಡುತ್ತದೆ, ಶ್ರುತಿ ಮಾಡಿ ಅಂದರೆ ನನ್ನ ಮುಖ ನೋಡುತ್ತಾರೆ.

ದೇವಸ್ಥಾನದ ಮೃದಂಗಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಬಂದವರೆಲ್ಲ ಒಂದು ಕೈ ನೋಡುತ್ತಾರೆ. ಅಂಥ ಕಡೆ ಚರ್ಮ ಇಡುವುದು ದುಡ್ಡು ದಂಡ. ಫೈಬರ್‌ಗೆ ರವೆ ಹಚ್ಚುವುದಿಲ್ಲ, ಆದ್ದರಿಂದ ಇಲಿಗೂ ಅಲ್ಲಿ ಕೆಲಸ ಇಲ್ಲ.

ಹೊಸನಗರದ ಮದ್ದಳೆ:

ಮೇಲಿನವರ ಮಾತಿಗೆ ಅರ್ಧ ಒಪ್ಪುತ್ತೇನೆ. ನಾವು ಮಳೆಗಾಲ ಪೂರ್ತಿ ತಾಳಮದ್ದಳೆ ಮಾಡುವವರು. ಯಕ್ಷಗಾನದ ಆಟ ನಿಲ್ಲುತ್ತದೆ, ಮದ್ದಳೆ ನಿಲ್ಲುವುದಿಲ್ಲ ಮಾರಾಯ್ರೆ. ಈ ಊರಲ್ಲಿ ಮಳೆ ಕಂಡು ಚರ್ಮ ಬಿಟ್ಟವರು ಯಾರಿದ್ದಾರೆ? ಕಂಬಳಿ ಸುತ್ತಿ ಹೊಗೆ ಅಟ್ಟದ ಪಕ್ಕ ಇಡಿ. ಒಲೆಯ ನೇರ ಮೇಲೆ ಬೇಡ, ಜಾಸ್ತಿ ಒಣಗಿದರೆ ಕರಣೆ ಚಕ್ಕೆ ಏಳುತ್ತದೆ. ಬೆಂಕಿಗೆ ಹಿಡಿದು ಕಾಯಿಸುವುದು ತಮಟೆ, ಡೊಳ್ಳಿಗೆ ಸರಿ. ಮದ್ದಳೆ, ಮೃದಂಗಕ್ಕೆ ಹಾಗೆ ಮಾಡಬಾರದು. ಬೋನ (ರವೆಯ ಹಾಗೆ ಹಚ್ಚುವ ಕಣಕ) ಹಚ್ಚಿದ್ದನ್ನು ಬಾರಿಸಿದ ಕೂಡಲೇ ತೆಗೆದು ಒರೆಸಿ, ಇಲ್ಲದಿದ್ದರೆ ಒಂದೇ ರಾತ್ರಿಗೆ ಬೂಸ್ಟು. ಫೈಬರ್ ನಾನು ಬಾರಿಸಿ ನೋಡಿದ್ದೇನೆ. ಬೆರಳಿಗೆ ಏನೂ ಉತ್ತರ ಕೊಡುವುದಿಲ್ಲ. ಇನ್ನೊಂದು ಮಾತು: ಎಲ್ಲರೂ ಫೈಬರ್ ತಂದರೆ ಮುಚ್ಚಿಗೆ ಕಟ್ಟುವವರು ಈ ಕೆಲಸ ಬಿಡುತ್ತಾರೆ. ಆಮೇಲೆ ಚರ್ಮ ಬೇಕು ಅಂದವರಿಗೂ ಸಿಗುವುದಿಲ್ಲ. ಈಗಲೇ ಸಾಗರ, ಶಿವಮೊಗ್ಗ ಅಂತ ಅಲೆಯುತ್ತಿದ್ದೇವೆ.

ಗಾಜನೂರು:

ನಾನು ಖಂಜಿರದವನು (ಒಂದು ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ವಾದ್ಯ), ಆದ್ದರಿಂದ ಪಕ್ಕದ ಮಾತು. ಖಂಜಿರಕ್ಕೆ ಮೊದಲಿನಿಂದ ಹಾಕುತ್ತಿದ್ದದ್ದು ಉಡದ ಚರ್ಮ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಲ್ಲುವುದೂ ಅಪರಾಧ, ಚರ್ಮ ಮಾರುವುದೂ ಅಪರಾಧ. ಹಾಗಾಗಿ ನಮಗೆ ಮೇಕೆ ಚರ್ಮ, ಇಲ್ಲವೇ ಸಿಂಥೆಟಿಕ್. ಉಡದ ಚರ್ಮಕ್ಕೆ ಒಳಗಿನಿಂದ ನೀರು ಚಿಮುಕಿಸಿ ಶ್ರುತಿ ಇಳಿಸಬೇಕಿತ್ತು. ನಮ್ಮ ಮಳೆಯಲ್ಲಿ ನೀರು ಹಾಕದೆಯೇ ಪಾತಾಳಕ್ಕೆ ಹೋಗುತ್ತಿತ್ತು ಅಂತ ಹಳಬರು ನಗುತ್ತಾರೆ. ಸಿಂಥೆಟಿಕ್ ಹಿಡಿದ ಮೇಲೆ ಮೊದಮೊದಲು ನನಗೂ ಸಪ್ಪೆ ಅನ್ನಿಸಿತು. ಕೈ ಒಗ್ಗಿಕೊಳ್ಳುತ್ತದೆ.

ನಿಮ್ಮ ಮಾವನವರಿಗೆ ಒಂದು ಮಾತು ಕೇಳಿ. ಭಜನೆಗೆ ಶ್ರುತಿ ಈಗ ಎಲ್ಲಿಂದ ಬರುತ್ತಿದೆ? ಮೊಬೈಲಿನಿಂದ ಆಗಿದ್ದರೆ, ಅದನ್ನು ಒಪ್ಪಿಕೊಂಡ ದೇವರು ಇದನ್ನೂ ಒಪ್ಪಿಕೊಳ್ಳುತ್ತಾನೆ.

ಘಟ್ಟದಂಚು:

ಎಲ್ಲರಿಗೂ ಧನ್ಯವಾದ. ಹರಿದದ್ದು ಚಳಿಗಾಲದಲ್ಲೇ ಸರ್, ಶಿವರಾತ್ರಿಗೆ ತೆಗೆದಾಗ ನೋಡಿದ್ದು. ಖಂಜಿರದವರ ಮಾತನ್ನು ಮಾವನವರಿಗೆ ಓದಿ ಹೇಳಿದೆ. "ಮೊಬೈಲ್ ಇಟ್ಟವನು ನಿನ್ನ ಗಂಡ, ನಾನಲ್ಲ" ಅಂದರು. ಅಂದರೆ ಅರ್ಧ ಇಳಿದಿದ್ದಾರೆ.

ಎರಡು ಸಂಶಯ. ಅಂಗಡಿಯಲ್ಲಿ ನಟ್-ಬೋಲ್ಟ್ ಇರುವ ಮರದ ಮೃದಂಗ ತೋರಿಸಿದರು, ಮುಚ್ಚಿಗೆ ಚರ್ಮದ್ದೇ. ಅದಾದರೆ ಒಂದರಲ್ಲೇ ಎರಡೂ ಕೆಲಸ ಆಗುವುದಿಲ್ವಾ? ಮತ್ತೆ, ನಮ್ಮ ಮನೆಯಲ್ಲಿ ಈಗ ಗ್ಯಾಸ್, ಹೊಗೆ ಅಟ್ಟ ಇಲ್ಲ. ಮಗನದ್ದನ್ನು ಎಲ್ಲಿ ಇಡುವುದು?

ಎಡ-ಬಲ:

ನಟ್-ಬೋಲ್ಟ್‌ನಿಂದ ಬಾರಿನ ತೊಂದರೆ ಹೋಗುತ್ತದೆ, ಚರ್ಮದ್ದು ಹೋಗುವುದಿಲ್ಲ. ಇಳಿದಾಗ ಏರಿಸುವುದು ಸುಲಭ, ಅಷ್ಟೇ. ಸುಲಭ ಅಂತ ಸಿಕ್ಕವರೆಲ್ಲ ಸ್ಪ್ಯಾನರ್ ತಿರುಗಿಸಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಮಾಡಿಡುತ್ತಾರೆ. ದೇವಸ್ಥಾನಕ್ಕೆ ಬೇಡ.

ಮಗನದ್ದಕ್ಕೆ ಒಂದು ಮರದ ಕಪಾಟು ಸಾಕು. ಕೆಳಗಿನ ಅಂಕಣದಲ್ಲಿ ಹಳೇ ಕಾಲದ ಸಣ್ಣ ಬಲ್ಬು ಹಾಕಿ, ಎಲ್ಇಡಿ ಬೇಡ, ಅದರಲ್ಲಿ ಶಾಖ ಇಲ್ಲ. ಮೃದಂಗ ಮೇಲಿನ ಅಂಕಣದಲ್ಲಿ ಇರಲಿ, ಬಟ್ಟೆ ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ. ಕರೆಂಟ್ ಇಲ್ಲದ ದಿನ ಬಾರಿಸದೆ ಸುಮ್ನೆ ಬಿಡಿ. ದೀಪಾವಳಿ ಆದ ಮೇಲೆ ಒಂದು ಸುತ್ತು ಸಡಿಲ ಮಾಡಿಸಿ, ಮರೆಯಬೇಡಿ. ಹೊಸನಗರದವರು ಮುಚ್ಚಿಗೆ ಕಟ್ಟುವವರ ಬಗ್ಗೆ ಹೇಳಿದ್ದು ಸರಿ. ಅದಕ್ಕೇ ಹಳೆಯದನ್ನು ರಿಪೇರಿ ಮಾಡಿಸಿ ಅಂದದ್ದು, ಮಾರಿ ಅನ್ನಲಿಲ್ಲ.

ಫೈಬರ್ ತರುವ ಮುಂಚೆ ಕಮಿಟಿಯವರು ನನ್ನ ಹತ್ತಿರ ಇರುವುದನ್ನು ಬಂದು ಬಾರಿಸಿ ನೋಡಲಿ. ಬರುವಾಗ ನಿಮ್ಮ ಹಾರ್ಮೋನಿಯಂ ತನ್ನಿ, ತೀರಾ ಮೇಲಿನ ಶ್ರುತಿಯಲ್ಲಿ ಹಾಡುವವರನ್ನೂ ಕರೆದುಕೊಂಡು ಬನ್ನಿ. ಹೆಂಗಸರು ಜಾಸ್ತಿ ಇದ್ದರೆ ಹೆಚ್ಚಿನ ಶ್ರುತಿಯದ್ದು ಬೇಕು, ಗಂಡಸರೇ ಜಾಸ್ತಿ ಅಂದರೆ ತಗ್ಗಿನದ್ದು. ಬೋಲ್ಟು ಇದೆ ಅಂತ ಒಂದೇ ಮೃದಂಗವನ್ನು ಎಲ್ಲಿಂದ ಎಲ್ಲಿಗೋ ಏರಿಸಲು ಆಗುವುದಿಲ್ಲ.

ಘಟ್ಟದಂಚು:

ಹಾಡುವವರಲ್ಲಿ ಹೆಂಗಸರೇ ಜಾಸ್ತಿ. ಆದರೆ ಶ್ರುತಿ ಹಿಡಿಯುವುದು ಮಾವನವರು, ಅವರದ್ದು ಬಿಳಿ ಒಂದು (ಹಾರ್ಮೋನಿಯಂನ ಮೊದಲ ಬಿಳಿ ಮನೆ), ಗಂಡಸರ ತಗ್ಗಿನ ಶ್ರುತಿ. ಇದನ್ನು ಮೊದಲು ಮನೆಯಲ್ಲಿ ಇತ್ಯರ್ಥ ಮಾಡಿಕೊಂಡು ಬರುತ್ತೇವೆ ಸರ್.